ಮೆಟ್ಟಿಲ ಮೇಲೆ ಹುಟ್ಟಿದ ಮಾತು

ನನ್ನ ಕಾದಂಬರಿಯ ಇನ್ನೂರ ಹದಿನಾಲ್ಕು ಪುಟಗಳಲ್ಲಿ ಪ್ರಕಾಶಕರಿಗೆ ಒಂದೇ ಒಂದು ಮಾತು ಬೇಕಾಗಿತ್ತು. ಅದನ್ನು ಪುಸ್ತಕದ ಹಿಂಬದಿಯ ರಕ್ಷಾಪುಟದ ಮೇಲೆ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ, ಅಂಗಡಿಯಲ್ಲಿ ಯಾರೇ ಪುಸ್ತಕ ತಿರುಗಿಸಲಿ, ಮೊದಲು ಅದೇ ಕಣ್ಣಿಗೆ ಬೀಳಬೇಕು ಎಂದು ಬೆಂಗಳೂರಿನಿಂದ ಸಂಪಾದಕಿ ಫೋನ್ ಮಾಡಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಚುರುಕು. ಸೋಮವಾರದೊಳಗೆ ನಾನು ಪ್ರೂಫ್ ನೋಡಿ ಒಪ್ಪಿಗೆ ಕೊಡಬೇಕಿತ್ತು. ಅವಳು ಆರಿಸಿದ್ದ ಮಾತು ಇದು:

"ಹಡೆದೋಳು ನಾನಿದೀನಿ. ಹಡೀಲಾರದೋರು ನಡುವೆ ಬಾಯಿ ಹಾಕೋದು ಬ್ಯಾಡ."

ಕಾದಂಬರಿಯಲ್ಲಿ ಇದನ್ನು ಕಿರಿಸೊಸೆ ತನ್ನ ಹಿರಿಯ ವಾರಗಿತ್ತಿಗೆ ಹೇಳುತ್ತಾಳೆ. ಮಕ್ಕಳಿಲ್ಲದ ಆ ಹಿರಿಸೊಸೆ ಅದೇ ವಾರ ಮನೆ ಬಿಟ್ಟು ಹೋಗುತ್ತಾಳೆ. ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆ ಬಲ್ಲ ಯಾರೇ ಆಗಲಿ, ಕಿರಿಸೊಸೆ ಎಂದರೆ ನಮ್ಮ ಅವ್ವ, ಹಿರಿಸೊಸೆ ಎಂದರೆ ನಮ್ಮ ದೊಡ್ಡವ್ವ ಎಂದು ಮೂರನೇ ಪುಟದಲ್ಲೇ ಗುರುತು ಹಿಡಿಯುತ್ತಾರೆ. ಹಿಡಿಯಲಿ, ಅದಕ್ಕೇನು. ಕಷ್ಟ ಬೇರೆಯೇ ಇತ್ತು. ಆ ಮಾತನ್ನು ಅವ್ವ ಯಾವತ್ತೂ ಆಡಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅದನ್ನು ಕಟ್ಟಿ, ಅವ್ವನ ಹೆಸರು ಹಚ್ಚಿ, ದೊಡ್ಡವ್ವನಿಗೆ ಮುಟ್ಟಿಸಿದವಳು ನಾನು. ಅವ್ವ ತೀರಿಕೊಂಡು ಈಗ ನಾಲ್ಕು ವರ್ಷ. ದೊಡ್ಡವ್ವ ಹರಿಹರದಲ್ಲಿದ್ದಾಳೆ. ಅದು ಅವ್ವನ ಮಾತೆಂದೇ ನಲವತ್ತು ವರ್ಷ ನಂಬಿಕೊಂಡು ಬಂದಿದ್ದಳು.

ಐವತ್ತೆರಡನೇ ವಯಸ್ಸಿನಲ್ಲಿ ಉದಯೋನ್ಮುಖ ಲೇಖಕಿ ಅನ್ನಿಸಿಕೊಳ್ಳುವುದು ಒಂದು ನಮೂನೆ ತಮಾಷೆಯೇ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾ ಒಂಬತ್ತು ವರ್ಷ ಈ ಕಾದಂಬರಿ ಬರೆದೆ. ಒಂದು ವಾರಪತ್ರಿಕೆಯವರು ಧಾರಾವಾಹಿಯಾಗಿ ಹಾಕುತ್ತೇವೆ, ಆದರೆ ಪ್ರತಿ ಕಂತಿನ ಕೊನೆಗೂ ಏನಾದರೂ ಘಟಿಸಬೇಕು ಅಂದರು. ನಮ್ಮ ಮನೆಯಲ್ಲಿ ಹಾಗೆ ವಾರಕ್ಕೊಮ್ಮೆ ಲೆಕ್ಕ ಹಿಡಿದು ಏನೂ ಘಟಿಸುತ್ತಿರಲಿಲ್ಲ. ಮಂಡಿಪೇಟೆಯಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ಪರಿಚಯದವರೊಬ್ಬರು, ನಮ್ಮಲ್ಲೇ ಹಾಕಿಸಿಬಿಡ್ರಿ ಮೇಡಂ, ಬೇಕಾದೋರಿಗೆ ನೀವೇ ಹಂಚಿದ್ರಾತು ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು, ಆದರೆ ನನಗೆ ಜಂಬ. ನನ್ನ ಗುರುತು ಪರಿಚಯವಿಲ್ಲದ ಯಾರೋ ಓದಿ, ಇದು ಪುಸ್ತಕವಾಗಬಹುದು ಅನ್ನಬೇಕಿತ್ತು. ಮೂರು ಕಡೆಯಿಂದ ಹಸ್ತಪ್ರತಿ ವಾಪಸು ಬಂದ ಮೇಲೆ ನಾಲ್ಕನೆಯವರು ಹಾಗೆ ಅಂದಿದ್ದರು. ಅವತ್ತು ಸಂಪಾದಕಿ ಫೋನ್ ಇಡುವ ಮುಂಚೆ ಇನ್ನೊಂದನ್ನೂ ಹೇಳಿದಳು:

"ನಿಮ್ಮ ಪುಸ್ತಕದಲ್ಲಿ ಯಾರೂ ಯಾರ ಹತ್ರಾನೂ ನೇರವಾಗಿ ಮಾತಾಡೋದೇ ಇಲ್ಲ, ಗಮನಿಸಿದ್ದೀರಾ ಮೇಡಂ? ನಡುವೆ ಯಾವಾಗಲೂ ಮೂರನೆಯವರು ಇರ್ತಾರೆ. ಇದೊಂದು ಮಾತು ಮಾತ್ರ ನೇರ ಬಂದು ಬೀಳುತ್ತೆ. ಅದಕ್ಕೇ ಅಷ್ಟು ನಾಟುತ್ತೆ."

ನಾನು ಗಮನಿಸಿರಲಿಲ್ಲ. ಒಂಬತ್ತು ವರ್ಷ ಬರೆದವಳಿಗೆ ಕಾಣದ್ದು ಅವಳಿಗೆ ಎರಡು ಓದಿನಲ್ಲಿ ಕಂಡಿತ್ತು. ಇಡೀ ಪುಸ್ತಕದಲ್ಲಿ ಸುಳ್ಳು ಮಾತೊಂದೇ ನೇರವಾಗಿತ್ತು ಎಂಬುದು ಆಗಷ್ಟೇ ತಲೆಗೆ ಹೊಳೆಯಿತು.

ವಿನೋಬನಗರದ ಆ ಮನೆ ಮೂರು ಕೋಣೆಯದು, ಒಂದರ ಹಿಂದೆ ಒಂದು. ಬೀದಿ ಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ಕಾಣುತ್ತಿತ್ತು. ಅಪ್ಪಾಜಿಯದು ಮಂಡಿಪೇಟೆಯಲ್ಲಿ ಮೆಣಸಿನಕಾಯಿ ಅಂಗಡಿ. ಸಂಜೆ ಅವರು ಪಡಸಾಲೆಯಲ್ಲಿ ಅಂಗಿ ಬಿಚ್ಚಿ ಕೊಡವಿದರೆ ಹಿತ್ತಲಲ್ಲಿದ್ದವರೂ ಸೀನುತ್ತಿದ್ದರು. ಅಪ್ಪಾಜಿಯ ಅಣ್ಣ, ನಮ್ಮ ದೊಡ್ಡಪ್ಪ, ಹರಿಹರದ ಒಂದು ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮನೆಗೆ ನಾನೊಬ್ಬಳೇ ಕೂಸು. ಅವ್ವ ಹಡೆದಳು, ಆದರೆ ಎಣ್ಣೆ ಹಚ್ಚಿ ಎರೆದದ್ದು, ಜಡೆ ಹಾಕಿದ್ದು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡದ್ದು ದೊಡ್ಡವ್ವ. ಊಟಕ್ಕೆ ಕೂತರೆ ದೊಡ್ಡವ್ವ ಬಡಿದ ರೊಟ್ಟಿ, ಅವ್ವ ಮಾಡಿದ ಪಲ್ಯ. ಇಬ್ಬರೂ ನನ್ನ ತಾಟನ್ನೇ ನೋಡುತ್ತಾ ನಿಲ್ಲುತ್ತಿದ್ದರು. ರೊಟ್ಟಿ ಬಿಟ್ಟರೂ ತಪ್ಪು, ಪಲ್ಯ ಬಿಟ್ಟರೂ ತಪ್ಪು.

ನನಗೆ ಎಂಟು ವರ್ಷವಿದ್ದಾಗ ಅವರಿಬ್ಬರೂ ಮಾತು ಬಿಟ್ಟರು. ಕಾರಣ ಕೇಳಿದರೆ ನಗಬೇಕು. ಮಠದ ಅಯ್ಯನವರನ್ನು ಊಟಕ್ಕೆ ಕರೆದ ದಿನ ಹೋಳಿಗೆಯ ಹೂರಣ ತಳ ಹತ್ತಿತು. ಒಬ್ಬಳು ನೀರು ತರಲು ಹೋಗಿದ್ದಳು, ಇನ್ನೊಬ್ಬಳು ರಂಗೋಲಿ ಹಾಕಲು. ಇಬ್ಬರೂ ಇನ್ನೊಬ್ಬಳು ನೋಡಿಕೊಳ್ಳುತ್ತಾಳೆ ಅಂದುಕೊಂಡಿದ್ದರು. ಸೀದ ವಾಸನೆ ಪಡಸಾಲೆಗೆ ಬಂದಾಗ ದೊಡ್ಡಪ್ಪ ಅಯ್ಯನವರ ಎದುರೇ, ಯಾರು ನೋಡ್ಕೊಂತಿದ್ರಿ ಅಂದರು. ಇಬ್ಬರೂ ಒಂದೇ ಉಸಿರಿಗೆ, ಆಕಿ ಅಂದರು. ಮುಗಿಯಿತು. ಮಾರನೇ ದಿನದಿಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಡಿಗೆಮನೆ ಮಾತ್ರ ಒಂದೇ ಉಳಿಯಿತು. ಗಂಡಸರು ಜೊತೆಗೇ ಉಂಡು, ಜೊತೆಗೇ ಎಲೆಅಡಿಕೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಎದ್ದು ಹೋಗುತ್ತಿದ್ದರು.

ಆಮೇಲೆ ಆ ಮನೆ ನಡೆದದ್ದು ನನ್ನ ಬಾಯಿಂದ. ಎರಡು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಕೂತ ದೊಡ್ಡವ್ವನಿಗೆ ಕೇಳುವಂತೆಯೇ ಅವ್ವ ನನಗೆ, ನಿಮ್ಮ ದೊಡ್ಡವ್ವಗೆ ಹೇಳು, ಬ್ಯಾಳಿ ಬೆಂದೈತೆ ಅಂತ, ಅನ್ನುತ್ತಿದ್ದಳು. ದೊಡ್ಡವ್ವನಿಗೆ ಕೇಳಿರುತ್ತಿತ್ತು. ಆದರೂ ನಾನು ಎರಡು ಹೆಜ್ಜೆ ನಡೆದು, ದೊಡ್ಡವ್ವ, ಬ್ಯಾಳಿ ಬೆಂದೈತಂತೆ ಅನ್ನುವವರೆಗೆ ಅವಳು ಅಲ್ಲಾಡುತ್ತಿರಲಿಲ್ಲ. ಒಂದು ದಿನ ನಾನು ಬಚ್ಚಲಿನಲ್ಲಿದ್ದಾಗ ಹಾಲು ಉಕ್ಕಿ ಒಲೆಯ ತುಂಬಾ ಹರಿಯಿತು. ಬಂದು ನೋಡಿದರೆ ಇಬ್ಬರೂ ಅಲ್ಲೇ ನಿಂತಿದ್ದಾರೆ, ಹಾಲನ್ನೇ ನೋಡುತ್ತಾ. ಒಲೆಯ ಹತ್ತಿರವಿದ್ದವಳಿಗೆ ಇಳಿಸಲು ಹೇಳಬೇಕಾದವಳು ಇನ್ನೊಬ್ಬಳು, ಆ ಮಾತು ಮುಟ್ಟಿಸಬೇಕಾದ ನಾನು ಇರಲಿಲ್ಲ. ಬೈಸಿಕೊಂಡದ್ದು ಮಾತ್ರ ನಾನು, ಇಬ್ಬರಿಂದಲೂ.

ಅಡಿಗೆಮನೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಒಯ್ಯಬೇಕಿತ್ತು, ಯಾಕೆಂದರೆ ಇಬ್ಬರಿಗೂ ಕೇಳುತ್ತಿತ್ತು. ಮಾಳಿಗೆಯ ಲೆಕ್ಕ ಬೇರೆ. ಹಿತ್ತಲಿನಿಂದ ಮಾಳಿಗೆಗೆ ಹದಿಮೂರು ಮೆಟ್ಟಿಲು. ಬೇಸಿಗೆಯಲ್ಲಿ ದೊಡ್ಡವ್ವ ಅಲ್ಲಿ ಸಂಡಿಗೆ ಹಾಕುತ್ತಾ ಕೂತರೆ ಅವ್ವನ ದನಿ ಮೇಲೆ ಮುಟ್ಟುತ್ತಿರಲಿಲ್ಲ. ಕೆಳಗಿನ ಮಾತು ಮೇಲಕ್ಕೆ ಹೋಗುವಷ್ಟರಲ್ಲಿ ನಾನು ಅದರ ಮುಳ್ಳು ತೆಗೆಯುತ್ತಿದ್ದೆ. ಕೆಳಗೆ, ಎಷ್ಟೊತ್ತು ಕುಂತಾಳಂತೆ ಕೇಳು ಎಂಬುದು ಮೇಲೆ ಮುಟ್ಟುವಾಗ, ದೊಡ್ಡವ್ವ, ಬಿಸಿಲು ಜಾಸ್ತಿ ಆತು, ಬರ್ತಿಯೇನಂತೆ ಎಂದಾಗುತ್ತಿತ್ತು. ಬಾಯಲ್ಲಿ ಎರಡು ಮೂರು ಸಲ ಹೇಳಿಕೊಂಡು, ಸರಿ ಕಂಡ ಮೇಲೆ ಕೊನೆಯ ಮೆಟ್ಟಿಲು ಹತ್ತುತ್ತಿದ್ದೆ. ಇವತ್ತಿಗೂ ನನಗೆ ಮೇಜು ಕುರ್ಚಿಯಲ್ಲಿ ಕೂತು ಬರೆಯಲು ಬಾರದು. ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಬರೆಯುತ್ತೇನೆ. ಗುಂಪಾಗಿ ಟ್ಯೂಶನ್ನಿಗೆ ಬರುವ ಮಕ್ಕಳು ಮೇಡಂಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ. ಖಾರದ ಮಾತು ಬಂದರೆ ನನ್ನ ಕೈ ತಾನಾಗಿಯೇ ಅದನ್ನು ಮೆತ್ತಗೆ ಮಾಡುತ್ತದೆ. ಹಸ್ತಪ್ರತಿ ವಾಪಸು ಕಳಿಸಿದವರೊಬ್ಬರು, ನಿಮ್ಮ ಪಾತ್ರಗಳಿಗೆ ಸಿಟ್ಟೇ ಬರುವುದಿಲ್ಲವಲ್ಲ ಎಂದು ಬರೆದಿದ್ದರು.

ನನಗೆ ಸಿಟ್ಟು ಬಂದದ್ದು ಒಂದೇ ದಿನ. ಏಳನೇ ತರಗತಿಯಲ್ಲಿ ನಮ್ಮ ಶಾಲೆಯ ಹುಡುಗಿಯರನ್ನು ಕೊಂಡಜ್ಜಿಯಲ್ಲಿ ನಡೆಯುವ ಮೂರು ದಿನದ ಗೈಡ್ಸ್ ಶಿಬಿರಕ್ಕೆ ಕರೆದುಕೊಂಡು ಹೋಗುವವರಿದ್ದರು. ಡೇರೆಯಲ್ಲಿ ಮಲಗುವುದು, ಬೆಂಕಿಯ ಸುತ್ತ ಕೂತು ಹಾಡುವುದು. ನಾನು ಒಂದು ವಾರ ನಿದ್ದೆ ಮಾಡಿರಲಿಲ್ಲ. ಅವ್ವ ಅಡಿಗೆಮನೆಯಲ್ಲಿ ಕಾಳು ಆರಿಸುತ್ತಿದ್ದಳು. ಮೂರು ದಿನ ತಾನೆ, ಕಳಿಸಾಣ, ಆಕಿ ಏನಂತಾಳೆ ಕೇಳ್ಕೊಂಡು ಬಾ ಎಂದು ನನ್ನನ್ನು ಮಾಳಿಗೆಗೆ ಅಟ್ಟಿದಳು. ಮಾಳಿಗೆಯಲ್ಲಿ ಸಂಡಿಗೆ ಹಾಕುತ್ತಿದ್ದ ದೊಡ್ಡವ್ವ ತಲೆ ಎತ್ತದೆ, ಅಲ್ಲಿ ಕೆರೆ ಐತೆ, ಬ್ಯಾಡ ಅಂದಳು. ನಾನು ಅತ್ತೆ, ಕಾಲು ಅಪ್ಪಳಿಸಿದೆ, ಅವಳು ಜಗ್ಗಲಿಲ್ಲ. ಕೆಳಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಕಾಳಿನ ಮೊರ ಕೆಳಗಿಟ್ಟು, ನಾನು ಇವತ್ತಿನವರೆಗೂ ಮರೆಯದ ಮಾತು ಹೇಳಿದಳು:

"ಆಕಿ ಬ್ಯಾಡ ಅಂದ ಮ್ಯಾಲೆ ಮುಗೀತು. ಕೂಸು ಆಕಿದೂ ಹೌದಲ್ಲ."

ಅದನ್ನು ಮೇಲೆ ಒಯ್ದಿದ್ದರೆ ನಾಲ್ಕು ವರ್ಷದ ಮೌನ ಅವತ್ತೇ ಮುಗಿಯುತ್ತಿತ್ತೇನೋ. ನನಗೆ ಅದು ಬೇಕಿರಲಿಲ್ಲ, ಕೊಂಡಜ್ಜಿ ಬೇಕಿತ್ತು. ಯಾರೂ ಕಳಿಸದಿದ್ದರೂ ತಿರುಗಿ ಮೆಟ್ಟಿಲು ಹತ್ತಿದೆ. ಹಿಂದಿನ ವಾರ ಬೀದಿ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಬಿಸಾಕಿ ಜಗಳವಾಡಿದ್ದರು. ಅದರಲ್ಲೊಂದು ಮಾತು ಕೇಳಿ ಸುತ್ತ ನಿಂತವರೆಲ್ಲ ಒಮ್ಮೆಲೇ ಸುಮ್ಮನಾಗಿದ್ದರು. ಆ ಮಾತಿಗೆ ಅಷ್ಟು ಶಕ್ತಿ ಇದೆ ಎಂದು ನಾನು ಅವತ್ತೇ ನೋಡಿಟ್ಟುಕೊಂಡಿದ್ದೆ. ಮೆಟ್ಟಿಲ ಮೇಲೆ ಅದನ್ನು ಅವ್ವನ ಧಾಟಿಗೆ ತಿದ್ದಿದೆ. ಮೂರು ಸಲ ಬಾಯಲ್ಲಿ ಹೇಳಿ ನೋಡಿದೆ. ಮೇಲೆ ಹೋಗಿ, ಅವ್ವ ಹಿಂಗೆ ಹೇಳಂದ್ಲು ಎಂದು ಒಂದಕ್ಷರ ತಪ್ಪದೆ ಒಪ್ಪಿಸಿದೆ. ದೊಡ್ಡವ್ವನ ಕೈ ಸಂಡಿಗೆ ಹಿಟ್ಟಿನ ಪಾತ್ರೆಯಲ್ಲೇ ನಿಂತಿತು. ನನ್ನನ್ನು ನೋಡಲಿಲ್ಲ. ಹೋಗು, ಹೋಗಿ ಬಾ ಅಂದಳು. ನಾನು ಕುಣಿಯುತ್ತಾ ಇಳಿದು, ದೊಡ್ಡವ್ವ ಹೂಂ ಅಂದ್ಲು ಎಂದು ಅವ್ವನಿಗೆ ಹೇಳಿದೆ. ಅವ್ವನ ಮುಖ ಅರಳಿತು. ನಾನು ಹೇಳಿದ್ದನ್ನು ಜನ ನಂಬುತ್ತಾರೆ ಎಂಬ ಹುರುಪಿನಲ್ಲಿ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಶಿಬಿರದ ಎರಡನೇ ಸಂಜೆ ಬೆಂಕಿಯ ಸುತ್ತ ಕೂತಾಗ ನಾನೊಂದು ಕಥೆ ಕಟ್ಟಿ ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅದೇ ಹೊತ್ತಿಗೆ ವಿನೋಬನಗರದಲ್ಲಿ ದೊಡ್ಡವ್ವ ತನ್ನ ತವರಿನಿಂದ ಬಂದ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಡುತ್ತಿದ್ದಳಂತೆ. ಬಸ್ಸಿನ ಓಡಾಟ ಸಾಕಾಗಿದೆ, ಹರಿಹರದಲ್ಲೇ ಮನೆ ನೋಡುತ್ತೇವೆ ಎಂದು ದೊಡ್ಡಪ್ಪ ಅಪ್ಪಾಜಿಗೆ ಹೇಳಿದರು. ಯಾಕೆ ಹೋಗುತ್ತಿದ್ದಾಳೆ ಎಂದು ಅವ್ವ ಕೇಳಬೇಕೆಂದಿದ್ದರೂ ಕೇಳಲು ನಾನಿರಲಿಲ್ಲ. ನಿನ್ನ ಮಾತು ನನಗೆ ತಲುಪಿತು ಎಂದು ದೊಡ್ಡವ್ವ ಹೇಳಬೇಕೆಂದಿದ್ದರೂ ಒಯ್ಯಲು ನಾನಿರಲಿಲ್ಲ. ಇಬ್ಬರಲ್ಲಿ ಒಬ್ಬಳು ಬಾಯಿ ಬಿಟ್ಟಿದ್ದರೆ ನನ್ನ ಸುಳ್ಳು ಅಲ್ಲೇ ಬೆತ್ತಲಾಗುತ್ತಿತ್ತು. ನಾಲ್ಕು ವರ್ಷದ ರೂಢಿ ಅವರನ್ನು ಬಿಡಲಿಲ್ಲ. ನಾನು ವಾಪಸು ಬಂದಾಗ ಅಡಿಗೆಮನೆಯ ಅರ್ಧ ಖಾಲಿ. ಗೋಡೆಯ ಮೇಲೆ ರೊಟ್ಟಿ ಹಂಚು ತೂಗುತ್ತಿದ್ದ ಕಡೆ ದುಂಡನೆಯ ಕಪ್ಪು ಗುರುತೊಂದು ಉಳಿದಿತ್ತು. ಅವ್ವ ನನ್ನ ಭುಜ ಹಿಡಿದು, ನಿನಗೇನಾದ್ರೂ ಹೇಳಿದ್ಲಾ ಆಕಿ ಎಂದು ಕೇಳಿದಳು. ಇಲ್ಲ ಅಂದೆ.

ಆಮೇಲೆ ಮದುವೆ ಮನೆಗಳಲ್ಲಿ ಅವರು ಎದುರು ಸಿಗುತ್ತಿದ್ದರು, ಒಬ್ಬಳು ಈ ಕಂಬದ ಹತ್ತಿರ, ಒಬ್ಬಳು ಆ ಕಂಬದ ಹತ್ತಿರ. ಬೇಸಿಗೆ ರಜೆಗೆ ನಾನು ಹರಿಹರಕ್ಕೆ ಹೋಗುತ್ತಿದ್ದೆ. ದೊಡ್ಡವ್ವ ನನಗೆ ಜಡೆ ಹಾಕುತ್ತಾ ಎಲ್ಲರ ಸುದ್ದಿ ಕೇಳುತ್ತಿದ್ದಳು, ಅವ್ವನದೊಂದನ್ನು ಬಿಟ್ಟು. ಅವ್ವನೋ, ಒಂದು ಮಾತು ಹೇಳದೆ ಹೋದಳಲ್ಲ ಎಂದು ಹಬ್ಬ ಬಂದಾಗಲೆಲ್ಲ ಹಲುಬುತ್ತಿದ್ದಳು. ಹೇಳಿಬಿಡಬೇಕು ಎಂದು ನನಗೆ ನೂರು ಸಲ ಅನ್ನಿಸಿದೆ. ಇಪ್ಪತ್ತರಲ್ಲಿ ಹೆದರಿಕೆ, ಮೂವತ್ತರಲ್ಲಿ ನಾಚಿಕೆ, ನಲವತ್ತರಲ್ಲಿ ಈಗೇನು ಉಪಯೋಗ ಎಂಬ ನೆಪ. ಅವ್ವ ಹೋದ ಮೇಲೆ ಕಾದಂಬರಿಯ ಆ ಅಧ್ಯಾಯ ಬರೆಯಲು ಕೂತಾಗಲೂ ಚಿಕ್ಕ ಹುಡುಗಿಯನ್ನು ಮೆಟ್ಟಿಲ ಮೇಲಿಂದ ಅಳಿಸಿ, ಮಾತನ್ನು ಕಿರಿಸೊಸೆಯ ಬಾಯಿಗೇ ಹಾಕಿದೆ. ಕಥೆಗೆ ಹಾಗೇ ಚೆಂದ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸತ್ತವಳು ಬಂದು ಕೇಳುತ್ತಾಳೆಯೇ? ನಾನು ಅಷ್ಟು ಹೇಡಿ.

ಶನಿವಾರ ಬೆಳಗ್ಗೆ ಸಂಪಾದಕಿಗೆ ಫೋನ್ ಮಾಡಿ, ಆ ಮಾತನ್ನು ಪುಸ್ತಕದ ಒಳಗೂ ಬದಲಾಯಿಸಬಹುದಾ ಅಂದೆ. ಅದು ಹೋದರೆ ಪುಸ್ತಕದ ಜೀವವೇ ಹೋಗುತ್ತದೆ, ಅಷ್ಟು ದೊಡ್ಡ ತಿದ್ದುಪಡಿಯಾದರೆ ಒಳಗೆ ಇನ್ನೊಮ್ಮೆ ಓದಿಸಬೇಕಾಗುತ್ತದೆ, ಆಮೇಲೆ ಹಾಕುತ್ತಾರೋ ಇಲ್ಲವೋ ನಾನು ಮಾತು ಕೊಡಲಾರೆ ಎಂದಳು. ಅವಳದೇನೂ ತಪ್ಪಿಲ್ಲ. ಕಾದಂಬರಿ ತಾನೆ, ಯಾರು ಬಂದು ಕೇಳ್ತಾರೆ, ಹೂಂ ಅಂದುಬಿಡು ಎಂದರು ನನ್ನ ಯಜಮಾನರು. ಒಂಬತ್ತು ವರ್ಷ ಮೆಟ್ಟಿಲ ಮೇಲೆ ಸವೆಸಿದವಳಿಗೆ ಹೂಂ ಅನ್ನುವ ಆಸೆ ಎಷ್ಟಿತ್ತೆಂದು ಹೇಗೆ ಹೇಳಲಿ. ಫೋನ್ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟೆ. ಭಾನುವಾರ ಆ ಅಧ್ಯಾಯದ ಪ್ರೂಫನ್ನು ಚೀಲದಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದೆ.

ದೊಡ್ಡಪ್ಪ ಹೋದ ಮೇಲೆ ದೊಡ್ಡವ್ವ ತನ್ನ ತಮ್ಮನ ಮಗನ ಸಂಸಾರದ ಜೊತೆ ಇದ್ದಾಳೆ. ಮನೆ ತುಂಬಾ ಮಕ್ಕಳು, ಟಿವಿ ಗದ್ದಲ. ಎಂಬತ್ತರ ಹತ್ತಿರ ಬಂದರೂ ಅವಳ ಕೈ ಸುಮ್ಮನಿರುವುದಿಲ್ಲ. ಹಿತ್ತಲ ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನನ್ನ ಪುಸ್ತಕ ಬರುತ್ತದಂತೆ ಎಂದು ಅವಳಿಗೆ ಮೊದಲೇ ಸುದ್ದಿ ಮುಟ್ಟಿತ್ತು. ಓದು ನೋಡಾಣ ಅಂದಳು. ಓದಿದೆ. ಆ ಮಾತನ್ನೂ ಓದಿದೆ. ಅದನ್ನು ಕೇಳಿ ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಿದಳು.

"ಇದು ನಿನಗೆ ನೆನಪೈತೆ ಅಂದಂಗಾತು. ನಾನು ಯಾರಿಗೂ ಹೇಳಿಲ್ಲ. ನಿಮ್ಮ ದೊಡ್ಡಪ್ಪಗೂ ಹೇಳಿಲ್ಲ."

ಆಗ ಹೇಳಿದೆ. ಮೆಟ್ಟಿಲು, ನಲ್ಲಿಯ ಜಗಳ, ಕೊಂಡಜ್ಜಿ, ಎಲ್ಲವನ್ನೂ. ಅವ್ವ ಕಳಿಸಿರಲಿಲ್ಲ, ನಾನೇ ಕಟ್ಟಿಕೊಂಡು ಬಂದೆ ಅಂದೆ. ಅವ್ವ ನಿಜವಾಗಿ ಹೇಳಿದ್ದೇನು ಎಂಬುದನ್ನೂ, ಕೂಸು ಆಕಿದೂ ಹೌದಲ್ಲ ಅಂದದ್ದನ್ನೂ, ನಲವತ್ತು ವರ್ಷ ತಡವಾಗಿ ಒಪ್ಪಿಸಿದೆ. ದೊಡ್ಡವ್ವ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಒಳಗೆ ಯಾರೋ ಟಿವಿ ಸದ್ದು ಹೆಚ್ಚು ಮಾಡಿದರು. ಅವಳು ಅಂಟು ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ.

"ನಿಮ್ಮವ್ವ ಸಾಯೋ ಮುಂಚೆ ಆಸ್ಪತ್ರೆಗೆ ನೋಡಾಕೆ ಬಂದಿದ್ದೆನಲ್ಲ, ನೀನು ಔಷಧಿ ತರಾಕೆ ಹೋಗಿದ್ದಿ. ನಿಮ್ಮವ್ವ ನನ್ನ ಕೈ ಹಿಡ್ಕೊಂಡು ಕೇಳಿದ್ಲು, ಅಕ್ಕ, ಯಾಕ ಹೋದಿ ಅಂತ. ನಿನಗೆ ಗೊತ್ತೈತಲ್ಲ ಅಂದೆ. ಇಲ್ಲಕ್ಕ, ಶಿವನಾಣೆ ಗೊತ್ತಿಲ್ಲ ಅಂದ್ಲು. ನಾನು ಕೈ ಬಿಡಿಸ್ಕೊಂಡು ಎದ್ದು ಬಂದೆ."

ಇದು ನನಗೆ ಗೊತ್ತಿರಲಿಲ್ಲ. ಔಷಧಿ ತಂದು ನೋಡಿದಾಗ ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ನೋವಿರಬೇಕು ಅಂದುಕೊಂಡಿದ್ದೆ. ಹುಣಸೆಹಣ್ಣಿನ ಬು‌ಟ್ಟಿಯನ್ನು ಪಕ್ಕಕ್ಕೆ ಸರಿಸಿ ದೊಡ್ಡವ್ವ ನನ್ನ ಕೈಯ ಹಾಳೆಗಳ ಕಡೆ ತಿರುಗಿದಳು.

"ಇದನ್ನೂ ಬರಿ."

ಹೀಗೆಲ್ಲ ತಿದ್ದಿದರೆ ಪುಸ್ತಕ ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ ಅಂದೆ. ಹಾಕದಿದ್ರೆ ಬಿಡ್ಲಿ, ನೀ ಬರಿ ಅಂದಳು. ಪ್ರೂಫಿನಲ್ಲಿ ಕಿರಿಸೊಸೆಯ ಹೆಸರಿದ್ದ ಕಡೆ ಗೀಟು ಹಾಕಿ, ಹುಡುಗಿಯನ್ನು ತಿರುಗಿ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಹಾಳೆ ಮಗುಚಿ, ಹಿಂಬದಿಯಲ್ಲಿ ಆಸ್ಪತ್ರೆಯ ಮಾತುಗಳನ್ನು ಬರೆದೆ. ಬರೆದಾದ ಮೇಲೆ ಅವಳಿಗೆ ಓದಿ ಹೇಳಿದೆ. ಕೊನೆಯ ಸಾಲನ್ನು, ಆಗ ಹಿರಿಸೊಸೆ ಏನು ಹೇಳಬೇಕೋ ತೋಚದೆ ಎದ್ದು ಬಂದಳು, ಎಂದು ಬರೆದಿದ್ದೆ. ದೊಡ್ಡವ್ವ ಹಾಳೆಯ ಮೇಲೆ ಕೈ ಇಟ್ಟಳು.

"ನಾ ಹಂಗೆ ಹೇಳಿಲ್ಲ. ನಂಬಲಿಲ್ಲ ಅಂತ ಬರಿ. ಸಾಯೋ ಹೊತ್ತಿನಾಗೆ ಆಣೆ ಮಾಡಿದ್ಲು, ಆದ್ರೂ ನಂಬಲಿಲ್ಲ ಅಂತ ಬರಿ."

ಅವಳು ಹೇಳಿದ ಹಾಗೇ ಬರೆದೆ.